ಕಾಳಿಯ ಕಲ್ಲು, ಚೆನ್ನಿಯ ಕೊರಳು

ಆತಕೂರಿನ ಶಾಸನದ ಕತೆಯನ್ನು ನಾನು ಇಪ್ಪತ್ತೇಳು ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಪಠ್ಯಪುಸ್ತಕದಲ್ಲಿ ಇದ್ದ ವರ್ಷ ಪಾಠವೆಂದು ಹೇಳಿದ್ದೇನೆ, ಇಲ್ಲದ ವರ್ಷ ಮಳೆಗೆ ಮಕ್ಕಳು ಕಡಿಮೆ ಬಂದ ದಿನ ಕತೆಯೆಂದು ಹೇಳಿದ್ದೇನೆ. ತಲಕಾಡಿನ ಮಕ್ಕಳಿಗೆ ಅದನ್ನು ಕೇಳುವ ಹಕ್ಕು ಸ್ವಲ್ಪ ಹೆಚ್ಚೇ ಇದೆ. ನಮ್ಮೂರು ಗಂಗರ ರಾಜಧಾನಿಯಾಗಿದ್ದ ಊರು; ಶಾಸನದಲ್ಲಿ ಬರುವ ಬೂತುಗ ಗಂಗರ ದೊರೆ. ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ಕಲ್ಲು ಮಾತ್ರ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಪ್ರವಾಸ ಹೋದಾಗ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಓಡುವ ಮಕ್ಕಳನ್ನು ತಡೆದು ಪಕ್ಕದ ಕಟ್ಟಡದಲ್ಲಿ ಈ ಕಲ್ಲಿನ ಮುಂದೆ ನಿಲ್ಲಿಸುವುದು ಎಷ್ಟು ಕಷ್ಟವೆಂದು ಮೇಷ್ಟರ ಕೆಲಸ ಮಾಡಿದವರಿಗೇ ಗೊತ್ತು.

ಕತೆ ನಿಮಗೆ ಗೊತ್ತಿರಬಹುದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಬಿದ್ದ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಗೆದ್ದ, ಅವನ ಪರ ಹೋರಾಡಿದ ಬೂತುಗನಿಗೆ ನಾಡುಗಳು ಸಿಕ್ಕವು. ಬೂತುಗನ ಕೈಕೆಳಗಿದ್ದ ಮಣಲೆರನೆಂಬ ವೀರನಿಗೆ ಅರಸು ಮೆಚ್ಚಿ ಬೇಕಾದ್ದು ಬೇಡು ಎಂದಾಗ ಅವನು ಹೊನ್ನು ಬೇಡಲಿಲ್ಲ, ಊರು ಬೇಡಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೊಡು ಎಂದ. ಆ ಕಾಳಿಯನ್ನು ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಹೋರಾಡಿ ಎರಡೂ ಒಟ್ಟಿಗೆ ಸತ್ತವು. ಮಣಲೆರ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂದು ಬೇರೆ ಬರೆಸಿದ. ಇದು ಸಾ.ಶ. 949-50ರ ಮಾತು.

ಸಾವಿರ ವರ್ಷದ ಹಿಂದೆ ನಾಯಿಗೊಂದು ವೀರಗಲ್ಲು! ಇದನ್ನು ಓದಿ ಹೆಮ್ಮೆ ಪಡದ ಕನ್ನಡಿಗರಿಲ್ಲ. ನಾನೂ ಪಟ್ಟಿದ್ದೇನೆ, ಈಗಲೂ ಪಡುತ್ತೇನೆ. ಆದರೆ ಕಳೆದ ವರ್ಷ ನಮ್ಮ ಮನೆಯ ನಾಯಿ ಹನ್ನೆರಡು ದಿನ ಕೊರಳಿಗೆ ಪ್ಲಾಸ್ಟಿಕ್ ಬುಟ್ಟಿ ಕಟ್ಟಿಕೊಂಡು ತಿರುಗಿದ ಮೇಲೆ ಆ ಕಲ್ಲಿನ ಬಗ್ಗೆ, ಒಟ್ಟಾರೆ ನಾಯಿಯ ಬಗ್ಗೆ ನಾವು ಬರೆದುಕೊಂಡು ಬಂದಿರುವುದರ ಬಗ್ಗೆ, ನನಗೊಂದು ತಕರಾರು ಹುಟ್ಟಿದೆ. ಅದನ್ನು ಹೇಳಲೆಂದೇ ಈ ಬರಹ.

ಕಲ್ಲಿನ ಮೇಲಿನ ಚಿತ್ರವನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ನಾಯಿ ಹಂದಿಯ ಮೇಲೆ ಬಿದ್ದಿದೆ. ಶಿಲ್ಪಿ ಆರಿಸಿಕೊಂಡದ್ದು ಹೋರಾಟದ ಆ ಒಂದು ಗಳಿಗೆಯನ್ನು. ಶಾಸನ ಬರೆದವನು ಆರಿಸಿಕೊಂಡದ್ದು ಸಾವನ್ನು. ಕಾಳಿ ಅಂದು ಸಾಯದೆ ಹೊಟ್ಟೆ ಸೀಳಿಸಿಕೊಂಡು ಮನೆಗೆ ಬಂದಿದ್ದರೆ? ಮಣಲೆರನ ಮನೆಯ ಹೆಂಗಸರಲ್ಲಿ ಯಾರೋ ಒಬ್ಬರು ಅರಿಸಿನ ಅರೆದು ಹಚ್ಚಿ, ನಾಯಿ ಅದನ್ನು ನೆಕ್ಕದಂತೆ ರಾತ್ರಿಯೆಲ್ಲ ತಲೆ ಹಿಡಿದುಕೊಂಡು ಕೂತಿದ್ದರೆ? ಕಾಳಿ ಬದುಕುತ್ತಿತ್ತು, ಕಲ್ಲು ಹುಟ್ಟುತ್ತಿರಲಿಲ್ಲ. ಬದುಕಿಸಿದ್ದಕ್ಕೆ ನಾವು ಕಲ್ಲು ನಿಲ್ಲಿಸುವವರಲ್ಲ.

ಇದು ಗಂಗರ ಕಾಲದ ಒಬ್ಬ ವೀರನ ಮೇಲೆ ಹೊರಿಸುವ ತಪ್ಪಲ್ಲ. ಮಹಾಭಾರತವನ್ನೇ ನೋಡಿ. ಆದಿಪರ್ವದಲ್ಲಿ ಜನಮೇಜಯನ ಯಾಗದ ಹತ್ತಿರ ಸುಳಿದ ಒಂದು ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆಯುತ್ತಾರೆ. ಅದು ಅಳುತ್ತ ತಾಯಿ ಸರಮೆಯ ಬಳಿ ಹೋಗುತ್ತದೆ. ನೀನೇ ಏನೋ ತಪ್ಪು ಮಾಡಿರಬೇಕು ಎನ್ನುತ್ತಾಳೆ ತಾಯಿ. (ಎಲ್ಲ ತಾಯಂದಿರೂ ಮೊದಲು ಹೇಳುವುದು ಇದನ್ನೇ; ಶಾಲೆಯಲ್ಲಿ ದಿನವೂ ನೋಡುತ್ತೇನೆ.) ಇಲ್ಲಮ್ಮ, ನಾನು ಹವಿಸ್ಸನ್ನು ನೋಡಲಿಲ್ಲ, ನೆಕ್ಕಲೂ ಇಲ್ಲ ಎನ್ನುತ್ತದೆ ಮರಿ. ಸರಮೆ ನೇರವಾಗಿ ಯಾಗಶಾಲೆಗೆ ಹೋಗಿ ನನ್ನ ಮಗನನ್ನು ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅಷ್ಟು ದೊಡ್ಡವರಲ್ಲಿ ಒಬ್ಬರ ಬಾಯಿಂದಲೂ ಉತ್ತರವಿಲ್ಲ. ಕಾಣದ ಭಯವೊಂದು ನಿಮಗೆ ಬರಲಿ ಎಂದು ಶಪಿಸಿ ಅವಳು ಹೊರಟುಹೋಗುತ್ತಾಳೆ. ಎಂಥ ಹೆಣ್ಣು! ಆದರೆ ಅಲ್ಲಿಂದ ಮುಂದೆ ಕತೆ ರಾಜನ ಚಿಂತೆಯ ಹಿಂದೆ, ಶಾಪ ಕಳೆಯುವ ಪುರೋಹಿತನ ಹಿಂದೆ ಹೋಗಿಬಿಡುತ್ತದೆ. ಮರಿಯ ಪೆಟ್ಟು ವಾಸಿಯಾಯಿತೇ ಎಂದು ವ್ಯಾಸರು ಹೇಳುವುದಿಲ್ಲ. ಕೊನೆಯಲ್ಲಿ ಧರ್ಮರಾಯನ ಜೊತೆ ಹಿಮಾಲಯ ಹತ್ತುವ ನಾಯಿಯಾದರೂ ನಾಯಿಯಾಗಿ ಉಳಿಯಿತೇ ಎಂದರೆ ಅದೂ ಇಲ್ಲ. ಸ್ವರ್ಗದ ಬಾಗಿಲಲ್ಲಿ ಅದು ಯಮಧರ್ಮನಾಗಿಬಿಡುತ್ತದೆ. ದೇವರಾದ ಮೇಲೆ ಅದರ ಕಾಲಿಗೆ ಮುಳ್ಳು ಚುಚ್ಚಿತ್ತೇ ಎಂದು ಯಾರು ಕೇಳುತ್ತಾರೆ?

ನಮ್ಮ ಕಾಲಕ್ಕೆ ಬಂದರೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಹುಲಿಯ ಇದ್ದಾನೆ. ಗುತ್ತಿಯ ನಾಯಿ. ಕನ್ನಡದಲ್ಲಿ ನಾಯಿಯನ್ನು ನಾಯಿಯಾಗಿಯೇ ಇಷ್ಟು ಹತ್ತಿರದಿಂದ ಕಂಡ ಬೇರೆ ಬರಹ ನಾನು ಓದಿಲ್ಲ. ಕಾಡುದಾರಿಯಲ್ಲಿ ಗುತ್ತಿಯ ಹಿಂದೆ ಮುಂದೆ ಓಡುವ ಅದರ ನಡಿಗೆಯೇ ಒಂದು ಪಾತ್ರ. ಆದರೂ ಓದಿದವರನ್ನು ಕೇಳಿ ನೋಡಿ, ಅವರಿಗೆ ನೆನಪಿರುವುದು ಪ್ರವಾಹದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುವ ಜಾಗ. ನನಗೂ ಅದೇ. ‘777 ಚಾರ್ಲಿ’ ಸಿನಿಮಾ 2022ರಲ್ಲಿ ಬಂದಾಗ ಮೈಸೂರಿನ ಥಿಯೇಟರಿನಲ್ಲಿ ನನ್ನ ಪಕ್ಕದ ಗಂಡಸೊಬ್ಬರು ಕರವಸ್ತ್ರ ಸಾಲದೆ ತೋಳಿನಿಂದ ಕಣ್ಣೊರೆಸಿಕೊಂಡರು. ಕಿರಣ್‌ರಾಜ್ ನಿರ್ದೇಶಿಸಿದ ಆ ಚಿತ್ರದ ನಾಯಕನ ಹೆಸರು ಧರ್ಮ; ಹಳೆಯ ಕತೆಯಲ್ಲಿ ನಾಯಿ ಧರ್ಮನಾಗಿತ್ತು, ಇಲ್ಲಿ ಮನುಷ್ಯ. ಚಿತ್ರದಲ್ಲಿ ಆರೈಕೆ ಇಲ್ಲವೆಂದು ನಾನು ಹೇಳುತ್ತಿಲ್ಲ, ಇದೆ. ಆದರೆ ಕ್ಯಾನ್ಸರ್ ಎಂದು ತಿಳಿದದ್ದೇ ತಡ, ಧರ್ಮ ಚಾರ್ಲಿಯನ್ನು ಕೂರಿಸಿಕೊಂಡು ಹಿಮ ತೋರಿಸಲು ಉತ್ತರಕ್ಕೆ ಹೊರಡುತ್ತಾನೆ. ಹಿಮ ಚೆನ್ನಾಗಿಯೇ ಕಾಣುತ್ತದೆ. ಕಲ್ಲಿನವನೂ ಕಾದಂಬರಿಯವರೂ ಸಿನಿಮಾದವರೂ ಕಡೆಗೆ ನಮ್ಮನ್ನು ಕರೆದೊಯ್ದು ನಿಲ್ಲಿಸುವುದು ಒಂದೇ ಕಡೆ, ನಾಯಿ ಸಾಯುವ ಕಡೆ. ಗಾಯವಾಗಿ, ಹೊಲಿಗೆ ಬಿದ್ದು, ಬದುಕಿ, ಮತ್ತೆ ಹಿತ್ತಲಲ್ಲಿ ಕೋಳಿ ಅಟ್ಟಿಸಿಕೊಂಡು ಹೋಗುವ ನಾಯಿಯ ಕತೆ ಯಾರಿಗೂ ಕತೆಯೆನ್ನಿಸಿಲ್ಲ.

ಈಗ ಬುಟ್ಟಿಯ ವಿಷಯ.

ನಮ್ಮ ಚೆನ್ನಿ ನಾಡುನಾಯಿ, ಕಂದುಬಣ್ಣ, ಒಂದು ಕಿವಿ ಮಡಿಸಿಕೊಂಡಿರುತ್ತದೆ. ಕಬ್ಬಿನ ಗದ್ದೆಯ ಮುಳ್ಳುತಂತಿಗೆ ನುಗ್ಗಿ ತೊಡೆ ಹರಿದುಕೊಂಡು ಬಂದಿತ್ತು. ಪಶು ಆಸ್ಪತ್ರೆಯಲ್ಲಿ ಒಂಬತ್ತು ಹೊಲಿಗೆ ಹಾಕಿದರು. ಹಾಕಿದ ಡಾಕ್ಟರು, ಹುಡುಗಿ, ನನ್ನ ಮಗಳ ವಯಸ್ಸು, “ಹೊಲಿಗೆ ನಂದು ಟೀಚರ್, ಕಾಯೋದು ನಿಮ್ದು. ಹನ್ನೆರಡು ದಿನ ಬಾಯಿ ತಾಗಬಾರದು” ಎಂದಳು. ಅಂಗಡಿಯಲ್ಲಿ ಸಿಗುವ ಪಾರದರ್ಶಕ ಕಾಲರ್ ಮೈಸೂರಿಗೆ ಹೋಗಿ ತರಬೇಕು. ಅಲ್ಲಿಯವರೆಗೆ? “ಮನೇಲಿ ಹಳೇ ಎಕ್ಸ್‌ರೇ ಇದ್ಯಾ?” ಎಂದು ಕೇಳಿದಳು. ಎಕ್ಸ್‌ರೇ ಇಲ್ಲದ ಮನೆ ಯಾವುದು! ನಮ್ಮತ್ತೆಯವರ ಎರಡು ಮಂಡಿಗಳದ್ದೂ ಬೀರುವಿನ ಮೇಲಿತ್ತು. ಅದನ್ನು ಬೀಸಣಿಗೆಯಂತೆ ಅರ್ಧಚಂದ್ರಾಕಾರವಾಗಿ ಕತ್ತರಿಸಿ, ಒಳ ಅಂಚಿಗೆ ಹಳೆಯ ಬನಿಯನ್ ಬಟ್ಟೆ ಮಡಿಸಿ ಹೊಲಿದು, ತೂತು ಹೊಡೆದು, ಕೊರಳಪಟ್ಟಿಗೆ ದಾರದಿಂದ ಕಟ್ಟಿದೆವು. ಬೆಳಕಿಗೆ ನಿಂತರೆ ನಾಯಿಯ ಮುಖದ ಸುತ್ತ ಮಂಡಿಚಿಪ್ಪು ಹೊಳೆಯುತ್ತಿತ್ತು. “ಅಯ್ಯೋ, ನನ್ನ ಮಂಡಿ ಕೊನೆಗೆ ನಾಯಿ ಕೊರಳಿಗಾ?” ಎಂದರು ಅತ್ತೆ. ಅಂದರೂ ರಾತ್ರಿ ಎದ್ದು ನೋಡುತ್ತಿದ್ದವರೂ ಅವರೇ.

ಇದರ ಕಟ್ಟಿನಲ್ಲಿ ಲೆಕ್ಕವಿದೆ. ಅಂಚು ಮೂಗಿನ ತುದಿಗಿಂತ ಒಂದೆರಡು ಬೆರಳು ಮುಂದೆ ಬರಬೇಕು, ಇಲ್ಲದಿದ್ದರೆ ನಾಲಿಗೆ ಗಾಯಕ್ಕೆ ಎಟುಕಿಬಿಡುತ್ತದೆ. ಕೊರಳಿಗೂ ಪಟ್ಟಿಗೂ ನಡುವೆ ಎರಡು ಬೆರಳು ಆಡಬೇಕು. ಬಿಗಿಯಾದರೆ ಉಸಿರಿಗೆ ತೊಂದರೆ, ಸಡಿಲವಾದರೆ ಮುಂಗಾಲಿನಿಂದ ಕಿತ್ತು ಹಾಕುತ್ತದೆ. ನೀರಿನ ಬಟ್ಟಲನ್ನು ಇಟ್ಟಿಗೆಯ ಮೇಲೆ ಎತ್ತರಿಸಿ ಇಡಬೇಕು. ಊಟದ ಹೊತ್ತಿಗೆ ಬಿಚ್ಚುವುದಾದರೆ ಪಕ್ಕದಲ್ಲೇ ಕೂತಿರಬೇಕು. ಒಲೆಯ ಮೇಲಿನ ಹಾಲು ಉಕ್ಕುವಷ್ಟು ಹೊತ್ತು ಸಾಕು ಅದಕ್ಕೆ ಎರಡು ಹೊಲಿಗೆ ಬಿಚ್ಚಲು. ನಾಯಿ ಮೈ ತಂಪು ಮಾಡಿಕೊಳ್ಳುವುದು ಬಾಯಿ ತೆರೆದು ತೇಕುವುದರಿಂದ, ಆದ್ದರಿಂದ ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತಳ ಕತ್ತರಿಸಿದ ಬಕೆಟ್ಟನ್ನು ತಲೆಗೆ ತೊಡಿಸಿ ಅಂಗಳದಲ್ಲಿ ಕಟ್ಟುವುದು ಸರಿಯಲ್ಲ. ನೆರಳು ಬೇಕು, ಗಾಳಿ ಬೇಕು. ಗಾಯ ಹೊಟ್ಟೆಯ ಮೇಲೋ ಬೆನ್ನಿನ ಮೇಲೋ ಇದ್ದರೆ ಹಳೆಯ ಬನಿಯನ್ನಿಗೆ ಬಾಲದ ತೂತು ಮಾಡಿ ತೊಡಿಸಿದರೂ ನಡೆಯುತ್ತದಂತೆ. ತೊಡೆಗೆ ಅದು ಆಗದು.

ನಾಯಿಯ ನಾಲಿಗೆಯಲ್ಲೇ ಮದ್ದಿದೆ, ಯಾಕೆ ತಡೆಯುತ್ತೀರಿ ಎಂದು ಬೀದಿಯಲ್ಲಿ ಹತ್ತು ಜನ ಕೇಳಿದರು. ಅದು ಪೂರ್ತಿ ಸುಳ್ಳಲ್ಲ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಯಿಯ ಜೊಲ್ಲು ಕೆಲವು ಬಗೆಯ ರೋಗಾಣುಗಳನ್ನು ಕೊಲ್ಲುತ್ತದೆ ಎಂದು ಕಂಡುಬಂದಿತ್ತು. ಆದರೆ ಅದೇ ಬಾಯಿಯಲ್ಲಿ ಬೇರೆ ಅಣುಜೀವಿಗಳೂ ಇರುತ್ತವೆ. ಅದಕ್ಕಿಂತ ಹೆಚ್ಚಾಗಿ ನಾಲಿಗೆ ಒರಟು, ಹಲ್ಲು ಮುಂದೆಯೇ ಇರುತ್ತದೆ. ಒಂದು ಸಲ ನೆಕ್ಕಿ ಸುಮ್ಮನಾಗುವ ಪ್ರಾಣಿಯಲ್ಲ ಅದು. ನೆಕ್ಕಿದಷ್ಟೂ ನವೆ, ನವೆಯಾದಷ್ಟೂ ನೆಕ್ಕುವುದು. ಗಾಯ ಒದ್ದೆಯಾಗಿಯೇ ಉಳಿದು ಬಾಯಿ ಬಿಡುತ್ತದೆ. (ಮದ್ದಿದೆ ಎಂದು ನಿಮ್ಮ ಕೈಯ ಗಾಯವನ್ನು ನಾಯಿಗೆ ನೆಕ್ಕಿಸಬೇಡಿ, ಹುಚ್ಚುನಾಯಿ ರೋಗ ಜೊಲ್ಲಿನಿಂದಲೂ ಬರುತ್ತದೆ.)

ಈ ಬುಟ್ಟಿಗೆ ಇಂಗ್ಲಿಷಿನಲ್ಲಿ ಎಲಿಜಬೆತನ್ ಕಾಲರ್ ಎನ್ನುತ್ತಾರೆ. 1558ರಿಂದ 1603ರವರೆಗೆ ಇಂಗ್ಲೆಂಡನ್ನು ಆಳಿದ ಮೊದಲನೆಯ ಎಲಿಜಬೆತ್ ರಾಣಿಯ ಚಿತ್ರವನ್ನು ನೀವು ನೋಡಿರಬಹುದು. ಕುತ್ತಿಗೆಯ ಸುತ್ತ ಗಾಡಿಚಕ್ರದಂತೆ ನೆರಿಗೆ ನೆರಿಗೆಯ ಬಿಳಿ ಪಟ್ಟಿ. ಆ ಪಟ್ಟಿ ನಿಲ್ಲುತ್ತಿದ್ದದ್ದು ಗಂಜಿಯಿಂದ. ಗಂಜಿ ಹಾಕಿ ನೆರಿಗೆ ತೀಡುವ ವಿದ್ಯೆಯನ್ನು 1564ರಲ್ಲಿ ಲಂಡನ್ನಿಗೆ ಬಂದ ಡಿಂಗೆನ್ ಎಂಬ ಹೆಂಗಸು ಅಲ್ಲಿಯವರಿಗೆ ಕಲಿಸಿದಳಂತೆ. ಹತ್ತಿ ಸೀರೆಗೆ ಅನ್ನದ ಗಂಜಿ ಹಾಕಿ ಕೈ ಸೆಡೆದುಕೊಂಡವರಿಗೆ ಆ ನೆರಿಗೆಗಳ ಹಿಂದಿನ ಕೆಲಸ ಎಷ್ಟೆಂದು ಹೇಳಬೇಕಾಗಿಲ್ಲ. ಅಂಥದ್ದನ್ನು ತೊಟ್ಟವರು ಬಗ್ಗಿ ಒಲೆ ಊದಲಾರರು, ತಮ್ಮ ತಟ್ಟೆಯನ್ನೇ ಸರಿಯಾಗಿ ನೋಡಲಾರರು. ನನ್ನ ಕೆಲಸ ಬೇರೆಯವರು ಮಾಡುತ್ತಾರೆ ಎಂದು ಸಾರುವ ಉಡುಗೆ ಅದು. ನಾಯಿಗೆ ಕಟ್ಟಿದಾಗಲೂ ಆಗುವುದು ಅದೇ, ಅದರ ಕೆಲಸ ನಿಮ್ಮ ತಲೆಗೆ ಬರುತ್ತದೆ. ಹೆಸರಿಟ್ಟವರು ಆಕಾರ ನೋಡಿ ಇಟ್ಟಿರಬಹುದು, ಅರ್ಥವೂ ಸರಿಯಾಗಿಯೇ ಕೂತಿದೆ.

ನಮ್ಮ ಹಳ್ಳಿಗಳಿಗೆ ಪ್ರಾಣಿಯ ಕೊರಳಿಗೋ ಮೂತಿಗೋ ಏನಾದರೂ ಕಟ್ಟುವುದು ಹೊಸದಲ್ಲ. ಕಣ ತುಳಿಯುವ ಎತ್ತು ಧಾನ್ಯಕ್ಕೆ ಬಾಯಿ ಹಾಕದಂತೆ ಕುಕ್ಕೆ ಕಟ್ಟುತ್ತಿದ್ದರು. ಕರು ಹಾಲು ಕುಡಿಯದಂತೆ ಮೂತಿಗೆ ಮುಳ್ಳು ಕಟ್ಟುತ್ತಿದ್ದರು. ಬೇಲಿ ನುಗ್ಗುವ ಹಸುವಿನ ಕೊರಳಿಗೆ ಕೊರಡು. ಇವೆಲ್ಲ ನಮ್ಮ ಲಾಭಕ್ಕೆ, ನಮ್ಮ ರಾಗಿ ಉಳಿಯಲಿಕ್ಕೆ, ನಮ್ಮ ಹಾಲು ಉಳಿಯಲಿಕ್ಕೆ. ಪ್ರಾಣಿಯ ಚರ್ಮವೇ ಉಳಿಯಲೆಂದು ಕಟ್ಟುವ ಕುಕ್ಕೆ ಬೇರೆ ಜಾತಿಯದು. ಅದಕ್ಕೇ ಇರಬೇಕು, ಚೆನ್ನಿ ಬೀದಿಗೆ ಹೋದಾಗ ಜನ “ಏನ್ ಟೀಚರ್, ನಾಯಿಗೆ ಶಿಕ್ಷೆ ಕೊಟ್ಟಿದ್ದೀರಾ?” ಎಂದು ಕೇಳಿದ್ದು. ಕೊರಳಿಗೆ ಏನಾದರೂ ಕಟ್ಟಿದರೆ ಅದು ಶಿಕ್ಷೆ ಅಥವಾ ಅವಮಾನ ಎನ್ನುವ ಅಭ್ಯಾಸ ನಮಗೆ. ಪರದೇಶದವರಿಗೂ ಇದೆ. 2009ರಲ್ಲಿ ಬಂದ ‘ಅಪ್’ ಎಂಬ ಅಮೆರಿಕದ ಕಾರ್ಟೂನ್ ಸಿನಿಮಾದಲ್ಲಿ ಹೇಳಿದ ಮಾತು ಕೇಳದ ನಾಯಿಗೆ ಉಳಿದ ನಾಯಿಗಳು ಈ ಬುಟ್ಟಿ ತೊಡಿಸುತ್ತವೆ. ಅಲ್ಲಿ ಅದರ ಹೆಸರೇ ನಾಚಿಕೆಯ ಬುಟ್ಟಿ. ತಮಾಷೆಯ ಸಿನಿಮಾ, ನಾನೂ ಮೊಮ್ಮಗಳ ಜೊತೆ ನೋಡಿ ನಕ್ಕಿದ್ದೇನೆ. ಆದರೆ ಗಾಯಕ್ಕೆ ಕಟ್ಟಿದ್ದನ್ನು ತಪ್ಪಿಗೆ ಕಟ್ಟಿದ್ದು ಎಂದು ಒಂದು ತಲೆಮಾರಿನ ಮಕ್ಕಳಿಗೆ ಕಲಿಸಿತಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಹಾಗೆಂದು ಬುಟ್ಟಿಯನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ನಾಯಿಗೆ ಅದು ಹಿಂಸೆಯೇ. ಪಕ್ಕ ಕಾಣುವುದಿಲ್ಲ, ಸದ್ದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ, ಬಾಗಿಲ ಚೌಕಟ್ಟಿಗೆ ಬಡಿಯುತ್ತದೆ, ತನ್ನ ಮೈಯನ್ನು ತಾನೇ ಮುಟ್ಟಲಾಗುವುದಿಲ್ಲ. ಬೆಕ್ಕಿಗಂತೂ ದಿನವಿಡೀ ಮೈ ನೆಕ್ಕುವುದೇ ಬದುಕು. ಸಿಡ್ನಿ ವಿಶ್ವವಿದ್ಯಾಲಯದವರು 434 ಮಂದಿ ಸಾಕಣೆದಾರರನ್ನು ಕೇಳಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 77.4 ಮಂದಿ ಕಾಲರ್ ಹಾಕಿದ ದಿನಗಳಲ್ಲಿ ತಮ್ಮ ಪ್ರಾಣಿಯ ಬದುಕು ಕೆಟ್ಟಿತ್ತು ಎಂದರು. ಕುಡಿಯಲು, ಆಡಲು ಆಗದೆ ಕಷ್ಟಪಟ್ಟಿದ್ದವು. ಮೆತ್ತನೆಯ ಬಟ್ಟೆಯವು, ಗಾಳಿ ತುಂಬಿದ ವಡೆಯಾಕಾರದವು ಈಗ ಬಂದಿವೆ. ಗಾಯ ಎಲ್ಲಿದೆ ಎಂಬುದರ ಮೇಲೆ ಅವು ಸಾಲಬಹುದು, ಸಾಲದಿರಬಹುದು. ಮೊದಲ ಎರಡು ದಿನ ಚೆನ್ನಿ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿತ್ತು. ಮೂರನೆಯ ದಿನ ಬುಟ್ಟಿಯಿಂದಲೇ ಬಾಗಿಲು ತಳ್ಳುವುದನ್ನು ಕಲಿತಿತು.

ಆ ಹನ್ನೆರಡು ದಿನ ನನಗೆ ಬಾಣಂತಿಯರ ನೆನಪು ಬರುತ್ತಿತ್ತು. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಮೂಲೆಯಲ್ಲಿ ಕೂರಿಸುತ್ತಿದ್ದರಲ್ಲ, ಅದನ್ನು ನಾವು ಓದಿದ ಹೆಣ್ಣುಮಕ್ಕಳು ಮೂಢನಂಬಿಕೆ ಎಂದು ಬಿಟ್ಟೆವು. ಶೀತದ ಮಾತು ಹಾಗಿರಲಿ. ಆ ತಲೆಬಟ್ಟೆ ಮನೆಯವರಿಗೆಲ್ಲ ಒಂದು ಮಾತು ಹೇಳುತ್ತಿತ್ತು: ಇವಳ ಮೈ ಇನ್ನೂ ಹಸಿಯಾಗಿದೆ, ಇವಳಿಗೆ ಕೆಲಸ ಹೇಳಬೇಡಿ. ಹೆರಿಗೆಗಾದರೂ ಅದಿತ್ತು. ಮಕ್ಕಳಾಗದ ಆಪರೇಷನ್ನಿಗೆ, ಗರ್ಭಕೋಶ ತೆಗೆದದ್ದಕ್ಕೆ ಯಾವ ಗುರುತೂ ಇಲ್ಲ. ಸೀರೆ ಉಟ್ಟರೆ ಹೊಲಿಗೆ ಮುಚ್ಚಿಹೋಗುತ್ತದೆ. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದವರಲ್ಲಿ ಎಂಟನೆಯ ದಿನಕ್ಕೆ ನಲ್ಲಿಯಿಂದ ಬಿಂದಿಗೆ ಹೊತ್ತವರನ್ನು ನಾನು ಹೆಸರು ಹಿಡಿದು ಹೇಳಬಲ್ಲೆ. ಅವರಲ್ಲಿ ಒಬ್ಬಳು ಚೆನ್ನಿಯನ್ನು ನೋಡಿ ನಗುತ್ತ, “ನಂಗೂ ಒಂದು ಕಟ್ಟಿದ್ರೆ ಚೆನ್ನಾಗಿತ್ತು ಟೀಚರ್” ಎಂದಳು. ನಾನು ನಗಲಿಲ್ಲ.

ನನ್ನ ತಕರಾರಿಗೆ ಉತ್ತರ ನಮ್ಮೂರಿನಲ್ಲೇ ಇತ್ತು ಎಂಬುದು ಹೊಳೆದದ್ದು ಆಮೇಲೆ. ತಲಕಾಡು ಎಂದರೆ ಹೊರಗಿನವರಿಗೆ ಮರಳು, ಅಲಮೇಲಮ್ಮನ ಶಾಪ, ಪಂಚಲಿಂಗ ದರ್ಶನ. ಊರಿಗೆ ಹೆಸರು ಬಂದ ಕತೆ ಬೇರೆ. ತಲ, ಕಾಡ ಎಂಬ ಇಬ್ಬರು ಬೇಡರು ಆನೆಗಳು ಪೂಜಿಸುತ್ತಿದ್ದ ಮರವೊಂದಕ್ಕೆ ಕೊಡಲಿ ಹಾಕಿದರು. ಮರದಿಂದ ರಕ್ತ ಚಿಮ್ಮಿತು. ಅದೇ ಮರದ ಎಲೆಯನ್ನೂ ಕಾಯನ್ನೂ ಗಾಯಕ್ಕೆ ಹಚ್ಚಿ ಎಂದು ದನಿಯೊಂದು ಹೇಳಿತು. ಹಚ್ಚಿದರು, ಗಾಯ ಮಾಯಿತು. ತನಗೆ ತಾನೇ ಮದ್ದು ಹೇಳಿಕೊಂಡ ಆ ಶಿವ ವೈದ್ಯೇಶ್ವರನಾದ, ಬೇಡರಿಬ್ಬರಿಗೂ ಒಳ್ಳೆಯ ಗತಿಯಾಯಿತು.

ಕತೆಯಾಗಿ ಇದನ್ನು ಆತಕೂರಿನ ಕಲ್ಲಿನ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಪ್ರೀತಿಸಿದವನೇ ನಾಯಿಯನ್ನು ಹಂದಿಯ ಮೇಲೆ ಬಿಟ್ಟು, ಸತ್ತ ಮೇಲೆ ಪೂಜೆ ಏರ್ಪಾಡು ಮಾಡುತ್ತಾನೆ. ಇಲ್ಲಿ ಕೊಡಲಿ ಹಾಕಿದವನೇ ಕೂತು ಗಾಯ ಕಟ್ಟುತ್ತಾನೆ. ಬೇಡರಿಗೆ ಹೆಸರು ಬಂದದ್ದು ಕಡಿದದ್ದಕ್ಕಲ್ಲ, ಕಟ್ಟಿದ್ದಕ್ಕೆ. ಇಡೀ ಊರು ಆ ಇಬ್ಬರ ಹೆಸರಿನಲ್ಲಿದೆ. ನನ್ನ ಮಟ್ಟಿಗೆ ಇದು ದೊಡ್ಡ ಕತೆ. ಆದರೆ ಇದನ್ನು ಹೇಳುವವರು ರಕ್ತ ಚಿಮ್ಮುವ ಜಾಗದಲ್ಲಿ ದನಿ ಏರಿಸಿ, ಎಲೆ ಹಚ್ಚುವ ಜಾಗವನ್ನು ಒಂದೇ ಉಸಿರಿನಲ್ಲಿ ಮುಗಿಸಿ ಮೋಕ್ಷಕ್ಕೆ ಹಾರುತ್ತಾರೆ. ಗುಡಿಯ ಮುಂದೆ ಪ್ರವಾಸಿಗರಿಗೆ ಹೇಳುವವರನ್ನು ನಿಂತು ಕೇಳಿದ್ದೇನೆ. ಎಷ್ಟು ದಿನ ಹಚ್ಚಿದರು, ರಾತ್ರಿ ಯಾರು ಕಾದರು, ಕಟ್ಟಿದ ಎಲೆ ಒಣಗಿ ಉದುರಿದಾಗ ಬೇರೆ ತಂದವರು ಯಾರು? ಸ್ಥಳಪುರಾಣಕ್ಕೆ ಅದು ಬೇಕಾಗಿಲ್ಲ. ಹಾಗಾಗಿ ಈ ವರ್ಷ ಎಂಟನೆಯ ತರಗತಿಯವರಿಗೆ ಎರಡೂ ಕತೆ ಹೇಳಿ, ಬಿಟ್ಟುಹೋದ ಭಾಗವನ್ನು ನೀವೇ ಬರೆದು ತನ್ನಿ ಎಂದೆ. ಹುಡುಗರಲ್ಲಿ ಹೆಚ್ಚಿನವರು ಕಾಳಿ ಹಂದಿಯನ್ನು ಕೊಂದು ತಾನು ಉಳಿಯಿತು ಎಂದು ಬರೆದರು. ಒಬ್ಬಳು ಹುಡುಗಿ ಮಾತ್ರ ಕಾಳಿಯನ್ನು ಮಲಗಿಸಿ, ಮಣಲೆರನ ಹೆಂಡತಿ ಬೆತ್ತದ ಮೊರದ ನಡುವೆ ತೂತು ಮಾಡಿ ಅದರ ಕೊರಳಿಗೆ ಹಾಕಿದಳು ಎಂದು ಬರೆದಿದ್ದಳು. ಅವಳ ಮನೆ ನಮ್ಮ ಬೀದಿಯಲ್ಲೇ ಇದೆ. ಎಲ್ಲಿಂದ ಬಂತು ಎಂದು ಕೇಳಬೇಕಾಗಿರಲಿಲ್ಲ. ಮೊರ ಮೂಗಿಗಿಂತ ಎಷ್ಟು ಮುಂದಿತ್ತು ಎಂದು ಕೇಳಿದೆ. “ಎರಡು ಬೆರಳು” ಎಂದಳು.

ಚೆನ್ನಿಯ ಹೊಲಿಗೆ ಹದಿಮೂರನೆಯ ದಿನ ಬಿಚ್ಚಿದರು. ಬುಟ್ಟಿಯನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ ಇಟ್ಟಿದ್ದೆ. ಹಿಂದಿನ ಬೀದಿಯವರು ತಮ್ಮ ಆಡಿನ ಮರಿಗೆ ಬೇಕೆಂದು ಒಯ್ದು, ಅಂಚು ಕತ್ತರಿಸಿ ಚಿಕ್ಕದು ಮಾಡಿಕೊಂಡಿದ್ದಾರೆ.